ಅವ್ವೆಯ ಮೊದಲ ಲೋಟ

ಗರ್ರೆಂಬ ಸದ್ದಿಗೆ ಎಚ್ಚರವಾಯಿತು. ಕಿಟಕಿಯಾಚೆ ಇನ್ನೂ ಬೆಳಕು ಹರಿದಿರಲಿಲ್ಲ. ಗಾಜಿಗೆ ಮಂಜು ಅಂಟಿಕೊಂಡಿತ್ತು. ಸದ್ದು ನಿಂತಿತು, ಏನೋ ಬುಸುಗುಟ್ಟಿತು, ಆಮೇಲೆ ಆಗಷ್ಟೇ ಪುಡಿಯಾದ ಕಾಫಿಯ ಘಮ ಬಾಗಿಲ ಸಂದಿಯಿಂದ ಒಳಗೆ ಬಂತು. ನನ್ನ ತಾಯಿ, ಅವ್ವೆ, ತೀರಿಕೊಂಡ ದಿನದಂದು ಪ್ರತಿ ವರ್ಷ ಮಾಡುವ ಪೂಜೆಗೆಂದು ನಾನು ಹಿಂದಿನ ಸಂಜೆ ಗೂಡಲೂರಿನಿಂದ ಎರಡು ಬಸ್ಸು ಬದಲಿಸಿ ಕೋತಗಿರಿಯ ಹತ್ತಿರದ ನಮ್ಮ ಹಟ್ಟಿಗೆ, ಅಣ್ಣನ ಮನೆಗೆ ಬಂದಿದ್ದೆ. ಶಾಲು ಹೊದ್ದು ಎದ್ದು ಹೋಗಿ ನೋಡಿದರೆ ಹಜಾರದಲ್ಲಿ ದೀಪ ಉರಿಯುತ್ತಿತ್ತು. ಎಂಬತ್ತು ದಾಟಿದ ನನ್ನ ಅಪ್ಪ, ತಲೆಗೆ ಮಂಕಿಕ್ಯಾಪು ಹಾಕಿಕೊಂಡು, ಅಣ್ಣ ಹೊಸದಾಗಿ ತಂದಿದ್ದ ಕಾಫಿ ಮೆಷಿನ್ನಿನ ಮುಂದೆ ನಿಂತಿದ್ದರು. ಕಪ್ಪನ್ನು ಸರಿಯಾದ ಜಾಗದಲ್ಲಿಟ್ಟರು, ಗುಂಡಿ ಒತ್ತಿದರು, ಹಾಲಿನ ನಳಿಗೆಯನ್ನು ತಾವೇ ತಿರುಗಿಸಿದರು. ಕಪ್ಪು ತುಂಬಿತು. ಅದನ್ನು ಎತ್ತಿಕೊಂಡು ಕುರ್ಚಿಗೆ ಹೋಗಿ ಕೂತರು. ಒಂದು ತೊಟ್ಟೂ ಚೆಲ್ಲಲಿಲ್ಲ. ನನ್ನನ್ನು ಕಂಡು, “ನಿನಗೂ ಬೇಕಾ ಕೂಸೇ? ಸುಲಭ ಇದೆ” ಎಂದರು.

ನಾನು ಬೇಡವೆಂದೆ. ಅವರ ಕೈಯ ಕಪ್ಪನ್ನೇ ನೋಡುತ್ತಾ ಬಾಗಿಲಲ್ಲೇ ನಿಂತೆ.

ಓದುತ್ತಿರುವ ನಿಮ್ಮಲ್ಲೂ ಅಂಥದೊಂದು ಅಡುಗೆಮನೆಯ ನೆನಪಿರುತ್ತದೆ. ಅದನ್ನು ನೆನೆದರೆ ‘ಆ ರುಚಿ ಈಗೆಲ್ಲಿ’ ಎನ್ನುತ್ತೀರಿ. ನನಗೂ ಆ ರುಚಿ ನೆನಪಿದೆ. ಆದರೆ ಅದರ ಜೊತೆ ನನಗೆ ನೆನಪಾಗುವುದು ಬೇರೆ. ಅದನ್ನು ಹೇಳುವುದಕ್ಕೆ ಈಗ ಅಣ್ಣನ ತಾರಸಿ ಮನೆ ನಿಂತಿರುವ ಜಾಗದಲ್ಲೇ ಇದ್ದ ಹಳೆಯ ಮನೆಯೊಳಕ್ಕೆ ನಿಮ್ಮನ್ನು ಕರೆದೊಯ್ಯಬೇಕು. ಹಟ್ಟಿಯ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ತಗ್ಗಿದ ಹೆಂಚಿನ ಮಾಡು, ಮುಂದೆ ಒಂದು ಜಗುಲಿ, ಒಳಗೆ ಹೊಗೆ ಕುಡಿದು ಕಪ್ಪಾದ ತೊಲೆಗಳು. ಸುತ್ತಲೂ ಚಹಾ. ಆದರೆ ನಮ್ಮ ಮನೆಯೊಳಗೆ ಚಹಾ ಕುದಿದದ್ದು ನನಗೆ ನೆನಪಿಲ್ಲ. ಎಲೆ ಫ್ಯಾಕ್ಟರಿಗೆ ಹೋಗಲಿಕ್ಕೆ, ಮನುಷ್ಯರು ಕುಡಿಯಲಿಕ್ಕೆ ಕಾಫಿ ಎನ್ನುವುದು ಅಜ್ಜನ ಹಟ. ಮನೆಯ ಕೆಳಗಿನ ಇಳಿಜಾರಿನಲ್ಲಿ, ಸಿಲ್ವರ್ ಓಕ್ ಮರಗಳ ನೆರಳಲ್ಲಿ, ಮನೆ ಖರ್ಚಿಗೆಂದೇ ಒಂದಿಷ್ಟು ಕಾಫಿ ಗಿಡಗಳಿದ್ದವು. ಹಣ್ಣು ಕೊಯ್ಯುವುದು, ಒಣಗಿಸುವುದು, ಕುಟ್ಟಿ ಸಿಪ್ಪೆ ತೆಗೆಯುವುದು, ಕಬ್ಬಿಣದ ಬಾಣಲೆಯಲ್ಲಿ ಹುರಿಯುವುದು, ಕೈಗಿರಣಿ ತಿರುಗಿಸುವುದು, ಎಲ್ಲವೂ ಅವ್ವೆಯ ಪಾಲು. ಹುರಿಯುವ ದಿನ ಇಡೀ ಹಟ್ಟಿಗೆ ಆ ಪರಿಮಳ ಹಬ್ಬುತ್ತಿತ್ತು. ಅವ್ವೆಯ ಸೀರೆ, ಕೂದಲು, ನನ್ನನ್ನು ಮಲಗಿಸುವಾಗ ಕೆನ್ನೆಗೆ ತಾಗುವ ಅಂಗೈ ಎಲ್ಲಕ್ಕೂ ಅದೇ ವಾಸನೆ. ಅದು ಎಷ್ಟು ಚೆನ್ನಾಗಿತ್ತೆಂದರೆ, ಅವಳ ಕಣ್ಣು ಯಾಕೆ ಸದಾ ಕೆಂಪಗಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಜನವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿರುತ್ತಿತ್ತು. ಕೊಡದ ನೀರು ಮುಟ್ಟಿದರೆ ಬೆರಳು ಸುಟ್ಟ ಹಾಗೆ. ಅವ್ವೆ ಎಲ್ಲರಿಗಿಂತ ಮೊದಲು ಎದ್ದು, ಹಸಿ ಸೌದೆಯನ್ನು ಊದಿ ಊದಿ ಹೊತ್ತಿಸಿ, ಹಿತ್ತಾಳೆ ಪಾತ್ರೆಯಲ್ಲಿ ಕಾಫಿಪುಡಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಮೊದಲು ಇಳಿದ ದಪ್ಪ ಡಿಕಾಕ್ಷನ್ನು ಅಜ್ಜನಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ಚಿಕ್ಕಪ್ಪನಿಗೆ, ಮೀಸೆ ಮೂಡಿದ ಮೇಲೆ ಅಣ್ಣನಿಗೂ. ಬಟ್ಟೆಯಲ್ಲಿ ಉಳಿದ ಚರಟಕ್ಕೆ ಮತ್ತೆ ನೀರು ಹಾಕಿ ಕುದಿಸಿ, ಬೆಲ್ಲ ಬೆರೆಸಿ, ನನಗೆ ಮತ್ತು ಅವಳಿಗೆ. ಅವಳ ಲೋಟ ಒಲೆಯ ಕಟ್ಟೆಯ ಮೇಲೆ ಕಾಯುತ್ತಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಎಲೆ ಕೊಯ್ಯುವವರು ಬರುತ್ತಿದ್ದರು, ಇಲ್ಲವೇ ಜಗುಲಿಯಿಂದ ಅಜ್ಜ ಖಾಲಿ ಲೋಟವನ್ನು ಕಲ್ಲಿಗೆ ತಟ್ಟುತ್ತಿದ್ದರು. ತಟ್ಟಿದರೆ ಇನ್ನೊಂದು ಬೇಕೆಂದು ಅರ್ಥ. ಬಾಯಿಬಿಟ್ಟು ಕೇಳುವ ಪದ್ಧತಿ ನಮ್ಮ ಮನೆಯ ಗಂಡಸರಿಗಿರಲಿಲ್ಲ. ಎಲೆ ಲಾರಿ ಬಂದಾಗ, ನೆಂಟರು ಬಂದಾಗ, ಮಳೆ ಬಂದು ಕೆಲಸ ನಿಂತಾಗ, ಸುಮ್ಮನೆ ಬೇಸರವಾದಾಗ, ಆ ಲೋಟ ತಟ್ಟುವ ಸದ್ದು ದಿನವಿಡೀ ಅಡುಗೆಮನೆಗೆ ಬರುತ್ತಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದ ಚಳಿಗಾಲದಲ್ಲಿ ಅವ್ವೆಗೆ ಜ್ವರ ಬಂತು. ಅವಳು ಏಳಲಾರದೆ ಬಿದ್ದುಕೊಂಡದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ನನಗೆ ಪರೀಕ್ಷೆಯಿತ್ತು, ಹಿಂದಿನ ದಿನದ ಗಂಜಿ ಬಿಸಿ ಮಾಡಿ ಅವಳ ತಲೆದೆಸೆಯಲ್ಲಿಟ್ಟು ಮೊದಲ ಬಸ್ಸಿಗೆ ಓಡಿದೆ. ಸಂಜೆ ಬಂದು ನೋಡಿದರೆ ಬೆಳಿಗ್ಗೆ ನಾನು ಹೊತ್ತಿಸಿದ್ದ ಒಲೆ ಆರಿ ಬೂದಿ ತಣ್ಣಗಾಗಿತ್ತು, ಮತ್ತೆ ಯಾರೂ ಹೊತ್ತಿಸಿರಲಿಲ್ಲ. ಜಗುಲಿಯಲ್ಲಿ ಗಂಡಸರು ನಾಲ್ವರೂ ಕೂತಿದ್ದರು. ಬೆಳಿಗ್ಗೆ ಕಾಫಿ ಇಲ್ಲವೆಂದು ಬಸ್ ಸ್ಟಾಪಿನ ಅಂಗಡಿಗೆ ಹೋಗಿ ಕುಡಿದು ಬಂದಿದ್ದರಂತೆ, ಮಧ್ಯಾಹ್ನ ಮತ್ತೊಮ್ಮೆ ಹೋಗಿದ್ದರಂತೆ. ಅಂಗಡಿಯ ಕಾಫಿ ಬರೀ ಚಿಕೋರಿ ಎಂದು ಚಿಕ್ಕಪ್ಪ ನನಗೆ ದೂರು ಹೇಳಿದರು. ಒಳಗೆ ಕಂಬಳಿಯಡಿ ಅವ್ವೆಯ ತುಟಿ ಒಡೆದಿತ್ತು.

“ಎನಗ ಒಂದು ಲೋಟ ಬಿಸಿ ಕಾಪಿ ಕೊಡು ಕೂಸೇ,” ಎಂದಳು. “ಬೆಳಗಿಂದ ಕೇಳಿದೆ. ‘ಕೂಸು ಬರಲಿ’ ಅಂದರು.”

ಕೂಸು ಬರಲಿ. ಮನೆಯಲ್ಲಿ ನಾಲ್ಕು ಜನ ಗಂಡಸರು, ಎಂಟು ಕೈ. ಸೌದೆ ಸೀಳುವ, ಎಲೆ ಮೂಟೆ ಹೊರುವ, ಕತ್ತಿ ಹಿಡಿದು ಇಡೀ ತೋಟದ ಗಿಡ ಸವರುವ ಕೈಗಳು. ಅಂಗಡಿಗೆ ಎರಡು ಸಲ ಹೋದವರು ಒಂದು ಮುಚ್ಚಳದ ತೂಕುಪಾತ್ರೆ ಹಿಡಿದುಕೊಂಡು ಹೋಗಿ ಅವಳಿಗೂ ತರಬಹುದಿತ್ತು. ಅವರು ಕೆಟ್ಟವರಾಗಿರಲಿಲ್ಲ, ಇದನ್ನೂ ಹೇಳಬೇಕು. ಅಪ್ಪ ಅವಳ ಮೇಲೆ ಒಂದು ದಿನವೂ ಕೈಯೆತ್ತಿದವರಲ್ಲ. ಅವತ್ತು ಕೋತಗಿರಿಗೆ ಹೋಗಿ ಮಾತ್ರೆಯನ್ನೂ ತಂದಿದ್ದರು. ಮಾತ್ರೆ ತರುವುದು ಗಂಡಸಿನ ಕೆಲಸ, ತಂದರು. ಕಾಫಿ ಅಲ್ಲ, ತರಲಿಲ್ಲ. ಅಷ್ಟೇ. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಅವ್ವೆ ಹಾಸಿಗೆ ಬಿಟ್ಟೆದ್ದ ಮೊದಲ ಬೆಳಿಗ್ಗೆ ನಾನೂ ಅವಳ ಜೊತೆ ಎದ್ದೆ. ಒಲೆ ಹೊತ್ತಿಸಿದಳು, ಡಿಕಾಕ್ಷನ್ ಸೋಸಿದಳು. ಮೊದಲು ಇಳಿದದ್ದನ್ನು ತನ್ನ ಲೋಟಕ್ಕೆ ಹಾಕಿಕೊಂಡಳು. ಬೆಲ್ಲ ಮುಟ್ಟಲಿಲ್ಲ. ಬಣ್ಣ ಒಂದಿಷ್ಟು ತಿರುಗುವಷ್ಟೇ ಹಾಲು ಬಿಟ್ಟಳು. ಒಲೆಯ ಮುಂದೆ ಮಣೆ ಎಳೆದುಕೊಂಡು, ಎರಡೂ ಅಂಗೈ ಲೋಟಕ್ಕೆ ಸುತ್ತಿ, ಬೆಂಕಿ ನೋಡುತ್ತಾ ನಿಧಾನವಾಗಿ ಕುಡಿದಳು. ನನಗೆ ಒಂದು ಗುಟುಕು ಕೊಟ್ಟಳು; ಬಲು ಕಹಿ. ನಾನು ಮುಖ ಹಿಂಡಿದ್ದಕ್ಕೆ ನಕ್ಕಳು. ಅವಳ ಮುಖದಲ್ಲಿ ಅಂಥದೊಂದು ಬಿಡುವನ್ನು ನಾನು ಮತ್ತೆ ನೋಡಲಿಲ್ಲ. ಜಗುಲಿಯಲ್ಲಿ ಅಜ್ಜ ಕೆಮ್ಮಿದರು, ಲೋಟ ತಟ್ಟಿದರು. ಅವಳು ಮುಗಿಸಿಯೇ ಎದ್ದಳು. ಉಳಿದದ್ದರಲ್ಲಿ ಅಜ್ಜನಿಗೆ ಕಲಸಿ ಕಳಿಸಿದಳು. ಅಜ್ಜ ಒಂದು ಗುಟುಕು ಕುಡಿದು, ಇದೇನು ಇವತ್ತು ತೆಳ್ಳಗಿದೆ ಎಂದು ಕೂಗಿ ಕೇಳಿದರು.

ಅವ್ವೆ ಒಳಗಿನಿಂದಲೇ ಹೇಳಿದಳು: “ಮೊದಲದು ನಾ ಕುಡಿದೆ.”

ದನಿ ಏರಿಸಿರಲಿಲ್ಲ. ಆದರೂ ಮನೆಯಲ್ಲಿ ಏನೋ ಬಿದ್ದು ಒಡೆದ ಹಾಗಾಯಿತು. ಮರುದಿನವೂ ಅವಳು ಹಾಗೆಯೇ ಮಾಡಿದಳು, ಅದರ ಮರುದಿನವೂ. ಅಜ್ಜ ಬೈಯಲಿಲ್ಲ. ಕೋಲು ಹಿಡಿದು, ಕಂಬಳಿ ಹೊದ್ದು, ಹಟ್ಟಿಯ ಸಾಲಿನಲ್ಲಿ ಒಂದೊಂದು ಮನೆಯ ಮುಂದೆ ಹೋಗಿ ಕೂರತೊಡಗಿದರು. ನೆರೆಯವರು ಗಾಬರಿಯಾಗಿ ಕಾಫಿ ತಂದುಕೊಟ್ಟರೆ, ತಮ್ಮ ಮನೆಯಲ್ಲಿ ಈಗ ಸಿಗುವುದಿಲ್ಲ ಎಂದು ಹೇಳಿ ಕುಡಿಯುತ್ತಿದ್ದರು. ನೀರಿನ ನಲ್ಲಿಯ ಹತ್ತಿರ ಹೆಂಗಸರು ಅವ್ವೆಯನ್ನು ಕಂಡರೆ ಮಾತು ನಿಲ್ಲಿಸುವ ಹಾಗಾಯಿತು. ಕೊನೆಗೊಂದು ಬೆಳಿಗ್ಗೆ ಅಪ್ಪ ಅಡುಗೆಮನೆಯ ಹೊಸ್ತಿಲ ತನಕ ಬಂದರು. ದಾಟಲಿಲ್ಲ. ಅವ್ವೆಯ ಕೈಯಲ್ಲಿ ಲೋಟವಿತ್ತು. ಅದನ್ನೇ ನೋಡುತ್ತಾ, “ಮುದುಕರು ಊರೆಲ್ಲ ತಿರುಗುತ್ತಾ ಇದ್ದಾರೆ. ಮನೆ ಮರ್ಯಾದೆ ಉಳಿಸು,” ಎಂದರು. ಅವ್ವೆ ಉಳಿದ ಕಾಫಿಯನ್ನು ಬೂದಿಗೆ ಸುರಿದಳು.

ಅಂದಿನಿಂದ ಮೊದಲ ಡಿಕಾಕ್ಷನ್ನು ಮತ್ತೆ ಅಜ್ಜನಿಗೆ ಹೋಯಿತು. ಎರಡನೆಯದನ್ನು ಅವ್ವೆ ನನಗೊಬ್ಬಳಿಗೇ ಕೊಟ್ಟಳು. ತಾನು ಕಾಫಿಯನ್ನೇ ಬಿಟ್ಟಳು. ಅಜ್ಜ ಸತ್ತರು, ಸೌದೆ ಒಲೆ ಹೋಗಿ ಗ್ಯಾಸ್ ಬಂತು, ನನ್ನ ಮದುವೆಯಾಯಿತು, ಅತ್ತಿಗೆ ಮನೆಗೆ ಬಂದು ಅಡುಗೆಮನೆಯ ಅರ್ಧ ಕೆಲಸ ಹೊತ್ತುಕೊಂಡಳು. ಅವ್ವೆ ಸಾಯುವ ತನಕ ಎಲ್ಲರಿಗೂ ಕಾಫಿ ಮಾಡಿಕೊಟ್ಟಳು, ತಾನು ಬಿಸಿನೀರು ಕುಡಿದಳು. ಯಾರೂ ಯಾಕೆಂದು ಕೇಳಲಿಲ್ಲ. ಅವಳಿಗೆ ಕಾಫಿ ಆಗುವುದಿಲ್ಲ ಎಂಬ ಮಾತು ತಾನಾಗಿ ಹುಟ್ಟಿಕೊಂಡು, ಬಂಧುಬಳಗದಲ್ಲಿ ಅವಳ ಒಳ್ಳೆಯ ಗುಣಗಳಲ್ಲಿ ಒಂದಾಗಿ ಸೇರಿಹೋಯಿತು.

ಈಗ ಈ ಮೆಷಿನ್. ಅರವಂಕಾಡಿನ ಸಿಡಿಮದ್ದು ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಮೇಲೆ ಅಣ್ಣ ಅದನ್ನು ತಂದ. ಅಡುಗೆಮನೆಯಲ್ಲಲ್ಲ, ಹಜಾರದಲ್ಲಿ, ಟಿವಿಯ ಪಕ್ಕದಲ್ಲಿಟ್ಟ. ಗಂಡಸರು ಹೊಸ್ತಿಲು ದಾಟುವ ಕಷ್ಟ ಅಲ್ಲಿಗೂ ತಪ್ಪಿತು. ಅದರಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುರುತು ಉಳಿಸಿದ್ದಾನೆ: ಅಪ್ಪನಿಗೆ ಎಷ್ಟು ಗಟ್ಟಿ, ಅವನಿಗೆ ಎಷ್ಟು ಹಾಲು, ಮಗನಿಗೆ ಎಷ್ಟು ನೊರೆ. ಗುಂಡಿ ಒತ್ತಿದರೆ ಮೆಷಿನ್ನಿಗೆ ನೆನಪಾಗುತ್ತದೆ. ಯಾರು ಯಾವಾಗ ಕುಡಿಯುತ್ತಾರೆಂದು ಈಗ ಯಾರಿಗೂ ಗೊತ್ತಿಲ್ಲ. ಅವರವರ ಕಪ್ಪು, ಅವರವರ ಹೊತ್ತು. ಮೊದಲೆಲ್ಲ ದಿನಕ್ಕೆರಡು ಸಲ ಕುಡಿಯುತ್ತಿದ್ದ ಅಣ್ಣ ಈಗ ಹೋಗುತ್ತಾ ಬರುತ್ತಾ ಒಂದೊಂದು ಹಿಡಿದುಕೊಳ್ಳುತ್ತಾನೆ. ಖಾಲಿ ಕಪ್ಪುಗಳನ್ನು ಎತ್ತುವವಳು, ಅಡಿಯ ತಟ್ಟೆಯ ನೀರು ಚೆಲ್ಲುವವಳು, ಹಾಲಿನ ನಳಿಗೆ ತೊಳೆಯುವವಳು ಮಾತ್ರ ಅತ್ತಿಗೆ. ಇದನ್ನು ಅವಳ ಹತ್ತಿರ ಅಂದದ್ದಕ್ಕೆ ಅವಳು ನನ್ನನ್ನೇ ತಡೆದಳು. “ಮೆಷಿನ್ನನ್ನು ಬೈಬೇಡ. ಅದು ಬಂದ ಮೇಲೆ ನಾನು ಬೆಳಕಾಗೋ ತನಕ ಮಲಗುತ್ತೇನೆ.” ಅವಳ ಮಾತು ನಿಜ. ಮೆಷಿನ್ನಿನ ಮೇಲೆ ನನಗೇನೂ ಇಲ್ಲ. ಅದು ಮಾಡಿದ್ದು ಇಷ್ಟೇ: ಈ ಗಂಡಸರಿಗೆ ಏಳಲು ಕಾಲಿತ್ತು, ಹಿಡಿಯಲು ಕೈಯಿತ್ತು ಎಂಬುದನ್ನು ನನ್ನ ಕಣ್ಣಿಗೆ ತೋರಿಸಿಕೊಟ್ಟಿತು.

ಹತ್ತು ಗಂಟೆಯ ಹೊತ್ತಿಗೆ ನೆಂಟರು ಸೇರಿದರು. ಅಣ್ಣ ಮೆಷಿನ್ನಿನ ಪಕ್ಕ ನಿಂತು ಒಬ್ಬೊಬ್ಬರನ್ನೂ ಸ್ಟ್ರಾಂಗಾ ಲೈಟಾ ಎಂದು ವಿಚಾರಿಸಿ ಕಪ್ಪು ಕೈಗಿತ್ತ. ಗಂಡಸಾಗಿ ಎಷ್ಟು ಚೆನ್ನಾಗಿ ಕಾಫಿ ಮಾಡುತ್ತಾನೆ ಎಂದು ಹೆಂಗಸರೇ ಹೊಗಳಿದರು. ಕೆಲವರು, ಏನೇ ಆದರೂ ಅವ್ವೆಯ ಕೈಯ ಕಾಫಿಯ ಹಾಗೆ ಆಗುವುದಿಲ್ಲ ಎಂದು ನಿಟ್ಟುಸಿರಿಟ್ಟರು. ಮೇಲಿನ ಇಳಿಜಾರಿನ ಸಮಾಧಿಗೆ ಒಯ್ಯುವ ಎಡೆಯನ್ನು ಅತ್ತಿಗೆ ಜೋಡಿಸುತ್ತಿದ್ದಳು: ಅನ್ನ, ಪಾಯಸ, ಬಾಳೆಹಣ್ಣು. ಒಂದು ಕಪ್ಪು ಕಾಫಿಯನ್ನೂ ಇಡೋಣವೇ ಎಂದು ಅಣ್ಣ ಕೇಳಿದ. ಅದಕ್ಕೆ ಚಿಕ್ಕಪ್ಪ ಬಾಳೆಹಣ್ಣು ಸುಲಿಯುತ್ತಾ ಹೇಳಿದರು:

“ನಿಮ್ಮ ಅವ್ವೆಗೆ ಕಾಪಿ ಅಭ್ಯಾಸವೇ ಇಲ್ಲೆಯಲ್ಲ. ಬಿಸಿನೀರು ಇಟ್ಟರೆ ಆತು.”

ನಾನು ಕೂತಲ್ಲಿಂದ ಎದ್ದೆ. ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಜ್ವರದ ದಿನದ ಮಾತು ಹೇಳಿದೆ, ತಣ್ಣನೆಯ ಒಲೆ, ಬಸ್ ಸ್ಟಾಪಿನ ಅಂಗಡಿ, ಮನೆಮನೆ ತಿರುಗಿದ ಅಜ್ಜ. ಚಿಕ್ಕಪ್ಪ ಹಣ್ಣು ಕೈಯಲ್ಲೇ ಹಿಡಿದು ಕೂತರು. ಅಣ್ಣ, ಪೂಜೆಯ ದಿನ ಇದೆಲ್ಲ ಯಾಕೆ ಎಂದು ನನ್ನ ತೋಳು ಹಿಡಿಯಲು ಬಂದ, ಕೈ ಕೊಡವಿಕೊಂಡೆ. “ಅವಳಿಗೆ ಕಾಫಿ ಇಷ್ಟ ಇತ್ತು. ನೀವು ಬಿಡಿಸಿದಿರಿ” ಎಂದೆ. ಅದು ಎಲ್ಲರಿಗೂ ಹೇಳಿದ್ದಾದರೂ ನಾನು ನೋಡುತ್ತಿದ್ದದ್ದು ಅಪ್ಪನನ್ನು.

ಅಪ್ಪ ಕುರ್ಚಿಯ ಕೈಗಳನ್ನು ಹಿಡಿದು ಎದ್ದರು. ಮೆಷಿನ್ನಿನ ಹತ್ತಿರ ಹೋಗಿ, ಕಪ್ಪುಗಳನ್ನು ಬಿಟ್ಟು ಮೇಲಿನ ಶೆಲ್ಫಿನಿಂದ ಒಂದು ಸ್ಟೀಲ್ ಲೋಟ ತೆಗೆದು ಇಟ್ಟರು. ನನ್ನ ಕಡೆ ತಿರುಗದೆಯೇ ಕೇಳಿದರು:

“ಹಾಲು ಎಷ್ಟು ಹಾಕುತ್ತಿದ್ದಳು?”

ಆ ಪ್ರಶ್ನೆಗೆ ನನ್ನ ಸಿಟ್ಟು ಇಳಿಯಬೇಕಿತ್ತು ಎಂದು ನಿಮಗನ್ನಿಸಬಹುದು. ಇಳಿಯಲಿಲ್ಲ, ಹೆಚ್ಚಾಯಿತು. ಒಂದೇ ಸೂರಿನಡಿ ಅಷ್ಟು ವರ್ಷ ಬಾಳಿದ ಮನುಷ್ಯ ಇದನ್ನು ನನ್ನನ್ನು ಕೇಳಬೇಕಾಯಿತಲ್ಲ. ಆದರೂ ಹೇಳಿದೆ: ಸ್ವಲ್ಪವೇ, ಬಣ್ಣ ತಿರುಗುವಷ್ಟು, ಸಕ್ಕರೆ ಬೇಡ. ಅಪ್ಪ ಹಾಗೆಯೇ ಮಾಡಿದರು. ಲೋಟವನ್ನು ಬೇರೆ ಯಾರ ಕೈಗೂ ಕೊಡದೆ, ಮೇಲೆ ಅಂಗೈ ಮುಚ್ಚಿಕೊಂಡು, ಚಹಾ ಗಿಡಗಳ ನಡುವಿನ ಕಾಲುದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹತ್ತಿದರು. ಸಮಾಧಿಯ ಮೇಲೆ ಇಟ್ಟು, ಎಲ್ಲರೂ ಕೈಮುಗಿದು ಇಳಿದ ಮೇಲೂ ಅಲ್ಲೇ ಕಲ್ಲಿಗೊರಗಿ ಉಳಿದರು. ನಾನು ಅವರನ್ನು ಕರೆಯಲಿಲ್ಲ. ಜೊತೆಗೆ ಕೂರಲೂ ಇಲ್ಲ.

ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಆ ಇಳಿಜಾರಿನಲ್ಲಿ ಅವ್ವೆಯ ಪಕ್ಕದಲ್ಲಿ ನಾನು ಹುಟ್ಟುವ ಮೊದಲೇ ಹೋದ ಹೆತ್ತೆ, ಅಪ್ಪನ ತಾಯಿ, ಕೂತಿದ್ದಾಳೆ. ಅವಳಾಚೆ ಅವಳ ಅತ್ತೆ, ಅದರಾಚೆ ಕಲ್ಲು ಮಣ್ಣಿಗಿಳಿದು ಯಾರದೆಂದು ತಿಳಿಯದ ಗುಡ್ಡೆಗಳು. ಮಂಜು ಕೆಳಗಿನ ಕಣಿವೆಯಿಂದ ಏರಿ ಒಂದೊಂದನ್ನೇ ಮುಚ್ಚುತ್ತಿತ್ತು. ಅವರೆಲ್ಲರೂ ಈ ಮನೆಯ ಒಲೆ ಊದಿದವರು. ಅವರಲ್ಲಿ ಯಾರು ಹೇಗೆ ಕುಡಿಯುತ್ತಿದ್ದರು, ಕುಡಿಯುತ್ತಿದ್ದರೋ ಇಲ್ಲವೋ, ನನಗೂ ಗೊತ್ತಿಲ್ಲ.