ಏಳನೆಯ ಕಂಬ

ನಮ್ಮ ಭಾವ ಬಿಮುರ್ಜಾನನ್ನು ಊರೆಲ್ಲ ಕರೆಯುತ್ತಿದ್ದದ್ದು ಕಂಬದವನು ಎಂದೇ. ಚಳಿಗಾಲದಲ್ಲಿ ಕಣಿವೆಯ ದಾರಿಯ ಮೇಲೆ ಹಿಮ ಕುಸಿಯುತ್ತದೆ. ಹಾಗಾಗಿ ಈ ಬೆಟ್ಟಸೀಮೆಯ ಜನ ನಾವು, ಸ್ವಾನರು, ಆಚೆ ಊರಿಗೆ ಬೆಟ್ಟದ ಏಣಿನ, ಅಂದರೆ ನೆತ್ತಿಯ ಅಂಚಿನ, ಮೇಲೆಯೇ ನಡೆಯುತ್ತೇವೆ. ಗಾಳಿ ಅಲ್ಲಿ ಹಿಮವನ್ನು ಏಣಿನಿಂದಾಚೆಗೆ ಮನೆಯ ಸೂರಿನಂತೆ ಚಾಚಿಬಿಡುತ್ತದೆ. ಮೇಲಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಪ್ರಪಾತ. ಅದಕ್ಕೇ ಹಿಮ ಬೀಳುವ ಮೊದಲು, ಮಣ್ಣು ಕಾಣುವಾಗಲೇ, ಬಿಮುರ್ಜಾ ಏಳು ಕಂಬ ನೆಡುತ್ತಿದ್ದ. ಕಂಬದಿಂದ ಕಂಬಕ್ಕೆ ನಡೆದರೆ ಕಾಲಡಿ ನೆಲವಿದೆ ಎಂದರ್ಥ.

ಮುಂಗೋಪಿ, ಜುಗ್ಗ. ಆದರೆ ಇಪ್ಪತ್ತೆರಡು ವರ್ಷ ಅವನ ಕಂಬವನ್ನು ಯಾರೂ ಅನುಮಾನಿಸಿರಲಿಲ್ಲ.

ಆ ವರ್ಷ ಆರು ನೆಟ್ಟು, ಏಳನೆಯದನ್ನು ಹೆಗಲ ಮೇಲೆ ಹೊತ್ತು ಹೊರಟವನನ್ನು ತಡೆದವನು ನಾನು. ನನ್ನ ಮಗನಿಗೆ ಹೆಸರಿಟ್ಟ ಊಟ ಅವತ್ತು.

"ಒಂದು ಕಂಬ ತಾನೇ ಭಾವ? ನಾಳೆ ನೆಟ್ರಾಯ್ತು, ಕೂತ್ಕೋ."

"ನೀನು ಕುಡಿಸೋದೇ ಅಪರೂಪ ಕಣೋ. ಬಿಟ್ಟುಹೋದ್ರೆ ನನಗೇ ನಷ್ಟ," ಎಂದು ನಕ್ಕು ಕಂಬವನ್ನು ಗೋಡೆಗೆ ಒರಗಿಸಿದ.

ಮರುದಿನ ಹಿಡಿದ ಹಿಮ ನಾಲ್ಕು ದಿನ ಬಿಡಲಿಲ್ಲ. ಆಮೇಲೆ ಒಬ್ಬನೇ ಹೋಗಿ, ಅಂದಾಜಿನ ಮೇಲೆ, ಹಿಮದಲ್ಲೇ ಅದನ್ನು ಚುಚ್ಚಿ ಬಂದ. ನನಗೊಬ್ಬನಿಗೇ ಹೇಳಿದ.

ಜನವರಿಯಲ್ಲಿ ಮುದುಕ ಚಿಚಿಕೊನ ಮಗ ತೈಮುರಾಜ್ ಹಿಟ್ಟಿನ ಮೂಟೆ ಹೊತ್ತು ಬರುತ್ತಿದ್ದಾಗ, ಆರನೆಯ ಕಂಬಕ್ಕೂ ಏಳನೆಯದಕ್ಕೂ ನಡುವೆ ಹಿಮದ ಸೂರು ಮುರಿದು, ಪ್ರಪಾತಕ್ಕೆ ಬಿದ್ದು ಸತ್ತ. ಏಳನೆಯ ಕಂಬ ಮಾತ್ರ ನಿಂತೇ ಇತ್ತು.

ಚಿಚಿಕೊ ಗುಡಿಯಿಂದ ಸಂತ ಜಾರ್ಜನ ಪಟ ತಂದು ಭಾವನ ಅಂಗಳದಲ್ಲಿ ಅವನ ಮುಂದೆ ಹಿಡಿದ. "ಕಂಬ ಮಣ್ಣಲ್ಲೇ ಇದೆ ಅಂತ ಮುಟ್ಟಿ ಹೇಳಪ್ಪ. ನನ್ನ ಮಗನೇ ದಾರಿ ತಪ್ಪಿದ ಅಂದ್ಕೊಂಡು ಸುಮ್ಮನಾಗ್ತೀನಿ."

ಚಿಚಿಕೊನ ಇನ್ನಿಬ್ಬರು ಗಂಡುಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ನಮ್ಮಲ್ಲಿ ರಕ್ತಕ್ಕೆ ರಕ್ತ.

"ಮುಟ್ಟು ಭಾವ, ನಮ್ಮಕ್ಕನ ಮುಖ ನೋಡು," ಎಂದು ಕಿವಿಯಲ್ಲಿ ಹೇಳಿದೆ. ಮುಟ್ಟಿದ.

ಪಟ ಮುಟ್ಟಿದ ಮೇಲೆ ಮಾತು ಮುಗಿಯಿತು. ಜನ ಮತ್ತೆ ಕಂಬ ನಂಬಿ ನಡೆದರು. ಕಿತ್ತರೆ ಸುಳ್ಳು ಬಯಲಾಗುತ್ತದೆ, ಬಿಟ್ಟರೆ ಇನ್ನೊಬ್ಬ ಸಾಯುತ್ತಾನೆ. ಬಿಮುರ್ಜಾ ದಿನವಿಡೀ ಆರನೆಯ ಕಂಬದ ಹತ್ತಿರ ನಿಂತು, "ಅಂಚು ಬಿಟ್ಟು ಒಳಕ್ಕೆ ನಡೀರಿ, ಇನ್ನೂ ಒಳಕ್ಕೆ," ಎಂದು ಕೂಗುತ್ತಿದ್ದ.

"ಆಣೆ ಹಾಕಿದ ಕಂಬದ ಮೇಲೆ ನಿನಗೇ ನಂಬಿಕೆ ಇಲ್ವಾ ಮಾರಾಯ?" ಎಂದು ಜನ ನಗುತ್ತಿದ್ದರು.

ಫೆಬ್ರವರಿಯಲ್ಲಿ ಪಂಜಿನ ಹಬ್ಬಕ್ಕೆ ಆಚೆ ಊರಿನವರು ಮಕ್ಕಳನ್ನು ಕಟ್ಟಿಕೊಂಡು ಆ ದಾರಿಯಲ್ಲೇ ಬರುವವರಿದ್ದರು. ಹಿಂದಿನ ದಿನ ಬೆಳಿಗ್ಗೆ ಭಾವ ನನ್ನ ಬಾಗಿಲಿಗೆ ಬಂದ.

"ಕಂಬ ಒಳಕ್ಕೆ ತಂದು ನೆಡ್ತೀನಿ. ಬಾ, ಹಗ್ಗ ಹಿಡ್ಕೋ."

"ಹಗಲಲ್ಲೇ? ಯಾರಾದ್ರೂ ನೋಡಿದ್ರೆ ಇಬ್ಬರ ಕಥೆನೂ ಮುಗೀತು. ಗಾಳಿನೂ ಇದೆ, ಇವತ್ತು ಬೇಡ."

ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಒಬ್ಬನೇ ಹೊರಟ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಏಣಿನ ಮೇಲೆ ಆರೇ ಕಂಬ ಕಂಡವು. ಕೆಳಗೆ ಪ್ರಪಾತದ ಹಿಮ ಅಗೆದು ಹೊರತೆಗೆದಾಗ ಬಿಮುರ್ಜಾ ಏಳನೆಯದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ಬಿಡಿಸಲು ಮೂವರು ಬೇಕಾಯಿತು.

ಚಿಚಿಕೊ ಕಂಬದ ಬುಡವನ್ನು ಬೆರಳಿನಿಂದ ಒರೆಸಿ ನೋಡಿದ. ಒಂದು ಚೂರು ಮಣ್ಣಿಲ್ಲ. ಕೆತ್ತಿದ ದಿನದಷ್ಟೇ ಬಿಳಿ. ನನ್ನ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತೇನೋ?"

ಅವನ ಕೈಯಲ್ಲಿ ಪಟ ಇರಲಿಲ್ಲ. "ಇಲ್ಲ ಯಜಮಾನ್ರೇ," ಎಂದೆ.

ಅವನು ನಂಬಿದ. "ಹಾಗಾದ್ರೆ ಇನ್ಮೇಲೆ ಕಂಬ ನೀನೇ ನೆಡು," ಎಂದ.