ಜೋಡಿ ತಂಡಗಳ ವೇಳಾಪಟ್ಟಿ

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನಾಶಿಕ್‌ನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ. ಆ ವರ್ಷ ಅಂತರಕಾಲೇಜು ಮಹಿಳಾ ಕಬಡ್ಡಿ ಲೀಗ್‌ನ ವೇಳಾಪಟ್ಟಿಯನ್ನು ನನ್ನ ತಲೆಗೆ ಕಟ್ಟಿದರು. ನಾಶಿಕ್ ಕಡೆಯ ನಾಲ್ಕು ತಂಡ, ಛತ್ರಪತಿ ಸಂಭಾಜಿನಗರದ ಕಡೆಯ ನಾಲ್ಕು. ನಡುವೆ ಬಸ್ಸಿನಲ್ಲಿ ಅರ್ಧ ದಿನದ ಹಾದಿ.

ಓಡಾಟ ಕಡಿಮೆಯಾಗಲೆಂದು, ಹೋದ ತಂಡ ಅಲ್ಲಿನ ಒಂದು ತಂಡದೊಂದಿಗೆ ಶನಿವಾರ, ಇನ್ನೊಂದರೊಂದಿಗೆ ಭಾನುವಾರ ಆಡಿ ಮರಳುವಂತೆ ಕರಡು ಮಾಡಿದೆ. ಎಲ್ಲರಿಗೂ ಪ್ರಯಾಣ ಸಮ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದರ ಹುಳುಕು ತೋರಿಸಿದವರು ನಾಶಿಕ್ ಪಕ್ಕದ ಓಝರ್‌ನ ಕಾಲೇಜಿನ ಕೋಚ್, ಬೀದರ್‌ನ ಶಿವಶರಣಪ್ಪ. ಹೆಂಡತಿ ತೀರಿಕೊಂಡ ಮೇಲೆ ನಾನು ಬಾಯ್ತುಂಬ ಕನ್ನಡ ಆಡುತ್ತಿದ್ದುದು ಅವರ ಮನೆಯಲ್ಲಿ ಮಾತ್ರ. ವಾರಕ್ಕೊಮ್ಮೆ ರೊಟ್ಟಿ ಊಟವೂ ಅಲ್ಲೇ. ಸಂಭಾಜಿನಗರದ ಚಿಕಲಠಾಣಾದಲ್ಲಿ ಶನಿವಾರ ಆಡಿ ದಣಿದ ತಮ್ಮ ಹುಡುಗಿಯರ ಎದುರು ಭಾನುವಾರ ಇಳಿಯುವ ತಂಡ ಹಿಂದಿನ ದಿನ ಆಡಿರುವುದೇ ಇಲ್ಲ ಎಂದರು. ಸೆಮಿಫೈನಲ್ ಮುಟ್ಟದಿದ್ದರೆ ತಮ್ಮ ಗುತ್ತಿಗೆ ನೌಕರಿ ಮುಂದುವರಿಯದು ಎಂಬುದನ್ನೂ ಮುಚ್ಚಿಡಲಿಲ್ಲ.

“ನಮ್ಮೋರಂತ ಕೇಳ್ಲಾಕತ್ತೀನ್ರಿ ಸರ್. ನಮ್ಮ ಅದೊಂದ್ ಮ್ಯಾಚ್ ಸೋಮವಾರಕ್ಕ ಹಾಕ್ರಿ.”

ಅವರ ಮಾತು ನಿಜ. ಆದರೆ ಅದು ಅವರೊಬ್ಬರ ಕಷ್ಟವಲ್ಲ. ಇಡೀ ಪಟ್ಟಿ ಬದಲಿಸಿ ತಂಡಗಳನ್ನು ಜೋಡಿ ಮಾಡಿದೆ. ಎರಡು ತಂಡ ಒಟ್ಟಿಗೆ ಹೋಗುತ್ತವೆ. ಅಲ್ಲಿನ ಎರಡರೊಂದಿಗೆ ಶನಿವಾರ ಆಡಿ, ಭಾನುವಾರ ಎದುರಾಳಿ ಬದಲಿಸಿಕೊಳ್ಳುತ್ತವೆ. ಭಾನುವಾರ ದಣಿವು ನಾಲ್ಕೂ ತಂಡಗಳಿಗೆ ಒಂದೇ. ಓಝರ್‌ನಲ್ಲೇ ಆಡುವಾಗ ಶಿವಶರಣಪ್ಪನವರ ಹುಡುಗಿಯರಿಗೆ ಹಳೆಯ ಕರಡಿನಲ್ಲಿ ಸಿಗುತ್ತಿದ್ದ ಶನಿವಾರದ ವಿಶ್ರಾಂತಿಯೂ ಇದರಲ್ಲಿ ಹೋಯಿತು.

ಖುಷಿಪಡುತ್ತಾರೆಂದು ಪಟ್ಟಿ ಹಿಡಿದು ಅವರ ಮನೆಗೇ ಹೋದೆ. ಬಹಳ ಹೊತ್ತು ನೋಡಿದರು.

“ನಮಗೂ ಕೊಟ್ರಿ, ಎಲ್ಲಾರಿಗೂ ಕೊಟ್ರಿ. ಮತ್ತ ನಮಗೇನ್ ಕೊಟ್ಟಂಗಾಯ್ತ್ರಿ ಸರ್?”

ಅವತ್ತು ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲ.

ಒಂದೇ ಪಂದ್ಯದ ಅಂತರದಲ್ಲಿ ಅವರಿಗೆ ಸೆಮಿಫೈನಲ್ ಕೈತಪ್ಪಿತು. ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿ ಬೀದರ್‌ಗೆ ಹೋದರು, ನನಗೆ ತಿಳಿಸಲಿಲ್ಲ. ನಾನು ಮಾವಿನಹಣ್ಣು ಹಿಡಿದು ಹೋದಾಗ ಬಾಗಿಲಿಗೆ ಬೀಗವಿತ್ತು. ಅಲ್ಲಿ ನಿಂತಾಗ ಕಾಡಿದ ಒಂಟಿತನ ಹೆಂಡತಿ ತೀರಿಕೊಂಡ ವರ್ಷದ್ದಕ್ಕಿಂತ ಕಡಿಮೆಯಿರಲಿಲ್ಲ.

ಆ ಪಟ್ಟಿ ಸರಿಯಾಗಿತ್ತೆಂದು ಈಗಲೂ ಹೇಳುತ್ತೇನೆ. ವೇಳಾಪಟ್ಟಿ ಮಾಡುವವನಿಗೆ ನಮ್ಮವರು ಅಂತ ಯಾರೂ ಇರಬಾರದು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ಮರುವರ್ಷ ಶಿವಶರಣಪ್ಪನವರ ಜಾಗಕ್ಕೆ ಬಂದ ಕೋಚ್ ಫೋನ್ ಮಾಡಿ, ಇಷ್ಟು ನ್ಯಾಯವಾದ ವೇಳಾಪಟ್ಟಿಯನ್ನು ತಾನು ಕಂಡೇ ಇಲ್ಲವೆಂದು ಮರಾಠಿಯಲ್ಲಿ ಹೊಗಳಿದ. ನಾನೂ ಮರಾಠಿಯಲ್ಲೇ ಧನ್ಯವಾದ ಹೇಳಿದೆ.