ಶಿರಗುಪ್ಪಿಯ ಅರ್ಧ ಕೊಯ್ತಾ

೨೦೧೮ರ ಸೆಪ್ಟೆಂಬರ್. ಬೆಳಗಾವಿಯಲ್ಲಿ ಬಸ್ಸು ಹತ್ತಿದಾಗ ಜಿಟಿಜಿಟಿ ಮಳೆ. ಚಿಕ್ಕೋಡಿಯಲ್ಲಿಳಿದು ಮಿಸಳ್ ತಿಂದೆ, ನಾಲಿಗೆ ಚುರುಗುಟ್ಟಿತು. ವಕೀಲನ ನಾಲಿಗೆಗೆ ಅಷ್ಟಾದರೂ ಶಿಕ್ಷೆ ಬೇಕು ಎಂದುಕೊಂಡು ಮುಂದಿನ ಬಸ್ಸು ಹಿಡಿದೆ. ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹೊಳೆ ದಾಟಿದರೆ ಎಲ್ಲೆಲ್ಲೂ ಕಬ್ಬು.

ಶಿರಗುಪ್ಪಿಯಲ್ಲಿ ಮಾರುತಿ ಮತ್ತು ಭೀಮಪ್ಪ ಕಾದಿದ್ದರು. ಐಗಳಿ ಕಡೆಯ ಕಬ್ಬು ಕಡಿಯುವವರು, ನಲವತ್ತರ ಆಸುಪಾಸು. ಇಲ್ಲಿ ಮುಕಾದಮ, ಅಂದರೆ ಗ್ಯಾಂಗಿನ ಮೇಸ್ತ್ರಿ, ಗಂಡ ಹೆಂಡತಿಯನ್ನು ಜೋಡಿಯಾಗಿ ಕೆಲಸಕ್ಕೆ ಹಿಡಿಯುತ್ತಾನೆ. ಕಬ್ಬು ಕಡಿಯುವ ಕತ್ತಿಯ ಹೆಸರಿನಿಂದಲೇ ಆ ಜೋಡಿಯನ್ನು ಒಂದು ಕೊಯ್ತಾ ಎನ್ನುತ್ತಾರೆ, ಅದಕ್ಕೊಂದು ಗುಡಿಸಲು. ಒಂಟಿ ಆಳು ಅರ್ಧ ಕೊಯ್ತಾ.

ಒಪ್ಪಿ ಕೂಡುವ ಇಬ್ಬರು ಗಂಡಸರು ಅಪರಾಧಿಗಳಲ್ಲ ಎಂದು ೨೦೦೯ರಲ್ಲಿ ದೆಹಲಿಯ ಹೈಕೋರ್ಟು ಹೇಳಿದಾಗ, ಆ ಧೈರ್ಯದಲ್ಲಿ ಇವರಿಬ್ಬರೂ ಒಂದು ಕೊಯ್ತಾ ಆಗಿ ಒಂದೇ ಗುಡಿಸಲು ಹಾಕಿದ್ದರು. ೨೦೧೩ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಗ್ಯಾಂಗಿನವನೊಬ್ಬ ೩೭೭ನೇ ಕಲಮಿನ ಹೆಸರು ಹೇಳಿ ಠಾಣೆಗೆ ಹೋಗುತ್ತೇನೆಂದು ಹೆದರಿಸಿದ. ಅಂದಿನಿಂದ ಇಬ್ಬರೂ ಬೇರೆ ಬೇರೆ ಗ್ಯಾಂಗುಗಳಲ್ಲಿದ್ದರು. ಈ ತಿಂಗಳು ಅದೇ ಸುಪ್ರೀಂ ಕೋರ್ಟು ಅದು ಅಪರಾಧವಲ್ಲ ಎಂದಿತ್ತು. ಕಬ್ಬಿನ ಹಂಗಾಮಿಗೆ ಮುನ್ನ ಮತ್ತೆ ಒಂದು ಕೊಯ್ತಾ ಆಗಬೇಕು, ಹಳೆಯ ಮುಕಾದಮನಿಗೆ ನೀವೇ ತಿಳಿಸಿ ಹೇಳಬೇಕು ಎಂದು ನನ್ನನ್ನು ಕರೆಸಿದ್ದರು.

ಮನೆಗೆ ಹೋದಾಗ ಮುಕಾದಮ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಕೇಳಿದ.

"ಇಂಥವರಿಗೆ ಕೆಲಸಾ ಕೊಡಾಕs ಬೇಕಂತ ಕೋರ್ಟ್ ಹೇಳೇತೇನ್ರಿ, ವಕೀಲಸಾಹೇಬ್ರ?"

ಇಲ್ಲ ಎನ್ನಬೇಕಾಯಿತು. ಜೈಲಿನ ಭಯ ಹೋಗಿತ್ತು. ಆದರೆ ಇಂಥವರೆಂದು ಕೆಲಸ ತಪ್ಪಿಸಬಾರದೆಂದು ಮುಕಾದಮನನ್ನು ಕಟ್ಟಿಹಾಕುವ ಕಾನೂನು ಇರಲಿಲ್ಲ. ಹೇಳುವಾಗ ನಾಚಿಕೆಯಾಯಿತು.

ಮನುಷ್ಯ ಕೆಟ್ಟವನಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಇಬ್ಬರನ್ನೂ ಒಂದೇ ಗ್ಯಾಂಗಿಗೆ ಹಿಡಿಯುತ್ತೇನೆ, ಆದರೆ ಅರ್ಧ ಅರ್ಧ ಕೊಯ್ತಾ, ಗುಡಿಸಲು ಬೇರೆ ಎಂದ. ರಾಜಿ ಅಂದರೆ ನಮ್ಮ ಕಸುಬಿನವರಿಗೆ ಹಬ್ಬ. ಒಪ್ಪಿಕೊಳ್ಳಿ ಎಂದು ಕಣ್ಣಲ್ಲೇ ಸೂಚಿಸಿದೆ. ಮಾರುತಿ ಭೀಮಪ್ಪನ ಮುಖ ನೋಡಿದ. ಭೀಮಪ್ಪ ಕಪ್ಪು ಕೆಳಗಿಟ್ಟ.

"ಬ್ಯಾಡ್ರಿ ಮುಕಾದಮರ. ಇಷ್ಟ ವರ್ಷ ಜೇಲಿಗೆ ಅಂಜಿ ಬ್ಯಾರೆ ಬ್ಯಾರೆ ಮಲಗೇವಿ. ಈಗ ಯಾರಿಗೆ ಅಂಜಿ ಮಲಗೂದ್ರಿ?"

ಮುಕಾದಮ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದ.

ಕಾಗವಾಡದ ಕಡೆ ಇನ್ನೊಬ್ಬ ಮುಕಾದಮ ಇದ್ದಾನೆಂದು ಇಬ್ಬರೂ ನನಗೆ ಕೈಮುಗಿದು ಹೊರಟರು. ಚಿಕ್ಕೋಡಿ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಮಳೆಯಲ್ಲಿ ಜೊತೆಯಾಗಿ ನಡೆಯುತ್ತಿದ್ದರು. ಈ ಸಲ ವಕೀಲನನ್ನು ಜೊತೆಗೆ ಕರೆದಿರಲಿಲ್ಲ.